ತುರಿಕಜ್ಜಿಗೂ ಒಂದು ಅಳತೆಗೋಲು

ದಡದಲ್ಲಿ ಮಾತ್ರ ಕೋಲನ್ನಿಳಿಸಿ ಇಡೀ ಕೆರೆಯ ಆಳವನ್ನು ಸಾರುವವನನ್ನು ಯಾರೂ ನಂಬರು. ರೋಗವೊಂದರ ಏರಿಳಿತವನ್ನು ಆಸ್ಪತ್ರೆಯ ದಾಖಲೆಗಳಿಂದಷ್ಟೇ ನಿರ್ಣಯಿಸುವುದೂ ಇಂತಹುದೇ ತಪ್ಪೆಂದು ನನ್ನ ಅಭಿಪ್ರಾಯ.

ತುರಿಕಜ್ಜಿಯನ್ನೇ ತೆಗೆದುಕೊಳ್ಳಿರಿ. ಅರ್ಧ ಮಿಲಿಮೀಟರನ್ನು ಮೀರದ ನುಸಿಯೊಂದು ಚರ್ಮದಲ್ಲಿ ಸುರಂಗವನ್ನು ಕೊರೆದು ಮೊಟ್ಟೆಯಿಡುವುದರಿಂದ ಬರುವ ರೋಗವಿದು. ಮೊದಲ ಸಲ ಅಂಟಿದವರಿಗೆ ನವೆ ತೋರುವುದು ಸಾಮಾನ್ಯವಾಗಿ 4ರಿಂದ 6 ವಾರಗಳ ಅನಂತರ. ಅಷ್ಟರಲ್ಲಿ ಅದು ಮನೆಮಂದಿಗೆಲ್ಲ ಹರಡಿರಬಹುದು. ತುರಿಸಿದ ಗಾಯಗಳನ್ನು ಹೊಕ್ಕ ಬ್ಯಾಕ್ಟೀರಿಯಗಳಿಂದ ಮೂತ್ರಪಿಂಡಗಳಿಗೂ ಕೇಡುಂಟಾಗಬಹುದು. ಆದರೂ ನಾಚಿಕೆಯಿಂದಲೋ, ಬರಿಯ ಕಜ್ಜಿಯೆಂಬ ತಾತ್ಸಾರದಿಂದಲೋ ಅನೇಕರು ವೈದ್ಯರ ಬಳಿಗೆ ಹೋಗುವುದೇ ಇಲ್ಲ. ಊರಿಗೆ ಔಷಧ ಬಂದಿತೆಂದು ತಿಳಿದು ಹೆಚ್ಚು ಜನ ಬಂದರೆ, ರೋಗ ಹೆಚ್ಚದೆಯೇ ದಾಖಲೆಯ ಅಂಕಿ ಏರುತ್ತದೆ!

ಪೆಸಿಫಿಕ್ ಸಾಗರದ ಫಿಜಿ ದೇಶದಲ್ಲಿ ಜನರ ನಡುವೆಯೇ ಹೋಗಿ ಎಣಿಸಿದರು. 2007ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 75 ಸಮುದಾಯಗಳ 10,887 ಮಂದಿಯನ್ನು ಪರೀಕ್ಷಿಸಲಾಗಿ, ನೂರರಲ್ಲಿ ಸುಮಾರು 24 ಮಂದಿಗೆ ತುರಿಕಜ್ಜಿಯಿದ್ದಿತು. ಮುಂದೆ 2012ರಲ್ಲಿ ಅಲ್ಲಿಯ ದ್ವೀಪಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ಒಂದೆಡೆ ರೋಗಿಗಳಿಗೆ ಮಾತ್ರವಲ್ಲದೆ ಸಮುದಾಯಕ್ಕೆಲ್ಲ ಮುಖ್ಯವಾಗಿ ಐವರ್‌ಮೆಕ್ಟಿನ್ ಮಾತ್ರೆಯನ್ನು ಕೊಡಲಾಯಿತು. ಶೇಕಡ 32.1ರಷ್ಟಿದ್ದ ರೋಗ ಒಂದು ವರ್ಷದ ಅನಂತರ 1.9ಕ್ಕೆ ಇಳಿಯಿತು. ಇನ್ನೊಂದೆಡೆ ರೋಗಿಗಳಿಗೂ ಅವರ ನಿಕಟ ಸಂಪರ್ಕದವರಿಗೂ ಮಾತ್ರ ವಾಡಿಕೆಯ ಚಿಕಿತ್ಸೆ ದೊರೆಯಿತು; ಅಲ್ಲಿಯೂ ಅದು ಶೇಕಡ 36.6ರಿಂದ 18.8ಕ್ಕೆ ಇಳಿಯಿತು. ಹೋಲಿಕೆಗೆ ಈ ಎರಡನೆಯ ಅಂಕಿಯಿಲ್ಲದಿದ್ದರೆ, ಇಳಿಕೆಯೆಲ್ಲವನ್ನೂ ಮಾತ್ರೆಯ ಲೆಕ್ಕಕ್ಕೇ ಬರೆದುಬಿಡುತ್ತಿದ್ದೆವು.

ವಿಶ್ವ ಆರೋಗ್ಯ ಸಂಸ್ಥೆಯು ತುರಿಕಜ್ಜಿಯನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಪ್ರಾಣ ತೆಗೆಯುವ ರೋಗಗಳೇ ಬೇಕಾದಷ್ಟಿರುವಾಗ ಕಜ್ಜಿಯನ್ನು ಎಣಿಸಲು ಹಣವೇಕೆ ಎಂದು ಕೇಳುವವರುಂಟು. ಆದರೆ ಎಣಿಸದಿದ್ದರೆ ಔಷಧಕ್ಕೆ ಹಾಕಿದ ಹಣ ಫಲಿಸಿತೇ ಎಂಬುದೇ ತಿಳಿಯದು. ಇದಕ್ಕೆ ದುಬಾರಿ ಯಂತ್ರಗಳೂ ಬೇಕಿಲ್ಲ. ಲಕ್ಷಣಗಳನ್ನು ಗುರುತಿಸಬಲ್ಲ ತರಬೇತಾದ ಕಣ್ಣುಗಳು ಬೇಕು.

ಒಂದು ಸಲದ ಸಮೀಕ್ಷೆ ಒಂದು ಬಿಂದು ಮಾತ್ರ. ಒಂದು ಬಿಂದುವಿನಿಂದ ರೇಖೆಯ ಓಟ ತಿಳಿಯದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆದುದರಿಂದ ಔಷಧ ಹಂಚಿದ ವರ್ಷದ ಉತ್ಸಾಹ ಇಳಿದ ಮೇಲೂ, ಅದೇ ಲಕ್ಷಣಗಳನ್ನು ಆಧಾರವಾಗಿಟ್ಟುಕೊಂಡು, ಅದೇ ಕ್ರಮದಲ್ಲಿ ಮತ್ತೆ ಮತ್ತೆ ಎಣಿಸುವ ಶಿಸ್ತು ಬೇಕು. ರಾತ್ರಿಯೆಲ್ಲ ನಿದ್ರೆಯಿಲ್ಲದೆ ತುರಿಸಿಕೊಳ್ಳುವ ಮಗುವಿನ ಹೆಸರು ದಾಖಲೆಯಲ್ಲಿಲ್ಲವೆಂದ ಮಾತ್ರಕ್ಕೆ ಅದರ ನವೆ ಸುಳ್ಳಾಗದು.