ಉಳುಕೋ ಮುರಿತವೋ, ಮೊದಲು ಎಕ್ಸ್‌ರೇ ಹೇಳಲಿ

ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬರುತ್ತಿದೆ. ಕಬಡ್ಡಿ, ಖೋ-ಖೋ, ವಾಲಿಬಾಲ್ ತಂಡಗಳು ಅಭ್ಯಾಸ ಶುರು ಮಾಡಿವೆ. ಆಟದಲ್ಲಿ ಪೆಟ್ಟಾದರೆ ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನು ಪೆಟ್ಟಾಗುವ ಮೊದಲೇ ತೀರ್ಮಾನಿಸಿಕೊಂಡಿರಬೇಕು ಎಂಬುದು ನನ್ನ ಅಭಿಪ್ರಾಯ.

ಕಾಲು ಹೊರಳಿದರೆ ನಮ್ಮ ಮನೆಗಳಲ್ಲಿ ‘ಮೋಚ್’ ಅನ್ನುತ್ತಾರೆ, ಪಕ್ಕದ ಮನೆಯಲ್ಲಿ ‘ಉಳುಕು’ ಅನ್ನುತ್ತಾರೆ. ಮಾತು ಬೇರೆಯಾದರೂ ಮುಂದಿನ ಕೆಲಸ ಒಂದೇ: ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು. ನೋವು ಇಳಿಯದಿದ್ದರೆ ಮೂಳೆ ಕಟ್ಟುವವರ ಹತ್ತಿರ ಹೋಗುವುದು. ಅವರು ಹತ್ತಿರದಲ್ಲೇ ಸಿಗುತ್ತಾರೆ, ಸಾಲು ನಿಲ್ಲಬೇಕಿಲ್ಲ, ಹಿರಿಯರಿಗೆ ಅವರ ಕೈಗುಣದ ಮೇಲೆ ನಂಬಿಕೆ. ದಿನಗೂಲಿಯ ಅಬ್ಬಾ ಒಂದು ದಿನದ ಕೆಲಸ ಬಿಟ್ಟು ಆಸ್ಪತ್ರೆಗೆ ಬರಲು ಹಿಂದೆಮುಂದೆ ನೋಡುವುದೂ ಸಹಜ. ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ.

ಆದರೆ ಒಳಗೆ ಮೂಳೆ ಬಿರುಕು ಬಿಟ್ಟಿದೆಯೇ ಎಂಬುದು ಎಷ್ಟೇ ಅನುಭವವಿರುವ ಕೈಗೂ ಖಚಿತವಾಗಿ ತಿಳಿಯದು. ಬಿರುಕಿದ್ದಾಗ ತಿಕ್ಕಿದರೆ ಮೂಳೆ ಜರುಗಬಹುದು. ಕಟ್ಟು ಬಿಗಿಯಾದರೆ ರಕ್ತದ ಓಡಾಟ ನಿಂತು, ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಬಹುದು. ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಕಟ್ಟು ಸಡಿಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಾಗಂತ ಪ್ರತಿ ಉಳುಕಿಗೂ ಎಕ್ಸ್‌ರೇ ಬೇಕಿಲ್ಲ. 1992ರಲ್ಲಿ ಕೆನಡಾದ ಒಟ್ಟಾವಾದ ವೈದ್ಯರು ಇದಕ್ಕೊಂದು ನಿಯಮ ಕೊಟ್ಟರು. ಪಾದದ ಗಂಟಿನ ಮೂಳೆಯನ್ನೇ ಒತ್ತಿದಾಗ ನೋವಾದರೆ ಅಥವಾ ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಎಕ್ಸ್‌ರೇ ತೆಗೆಸಬೇಕು. ಈ ನಾಲ್ಕು ಹೆಜ್ಜೆಯ ಲೆಕ್ಕವನ್ನು ಪ್ರತಿಯೊಬ್ಬ ಆಟಗಾರರೂ ನೆನಪಿಟ್ಟುಕೊಳ್ಳಬಹುದು.

ಮೊದಲ ಮೆಟ್ಟಿಲು ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯೇ ಆಗಲಿ. ಅಲ್ಲಿಂದ ಮುಂದೆ ಕಳಿಸಿದರೆ ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಜಗಳೂರಿನವರಿಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ ಇದೆ. ಚನ್ನಗಿರಿಯವರಿಗೆ ಎರಡೂ ದಾರಿ ಉಂಟು. ಖರ್ಚಿನ ಮಾತು ಬಂದರೆ, 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ನೇರವಾಗಿ ಹೋಗಿ ಬಿಲ್ ಕಟ್ಟಿದರೆ ನಷ್ಟ ನಮಗೇ. ಕಾಮರ್ಸ್ ಓದುವ ನಾವು ಈ ದಿನದ ಖರ್ಚನ್ನಷ್ಟೇ ನೋಡಿದರೆ ಸಾಲದು, ಮೂಳೆ ವಕ್ರವಾಗಿ ಕೂಡಿದರೆ ಮುಂದೆ ಬರುವ ಆಪರೇಷನ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಹುಡುಗಿಯರಲ್ಲಿ ಕೆಲವರು ಪೆಟ್ಟಾದರೂ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹೇಳಿದರೆ ಮರುದಿನದಿಂದ ಆಟ ಬಂದ್ ಎಂಬ ಭಯ. ಕುಂಟುತ್ತಲೇ ಆಡುತ್ತಾರೆ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ: ಪೆಟ್ಟು ವಾಸಿಯಾಗುವವರೆಗೆ ಆಟ ನಿಲ್ಲಿಸಿ, ಶಾಶ್ವತವಾಗಿ ಬೇಡ. ಆಗ ಮಕ್ಕಳು ಮುಚ್ಚಿಡುವುದಿಲ್ಲ.

ನಮ್ಮ ಕಾಲೇಜು ಮೂರು ಕೆಲಸ ಮಾಡಲಿ. ಅಭ್ಯಾಸದ ವೇಳೆ ಐಸ್, ಬ್ಯಾಂಡೇಜ್ ಮೈದಾನದಲ್ಲೇ ಇರಲಿ. ಪೆಟ್ಟಾದವರ ಜೊತೆ ಆಸ್ಪತ್ರೆಗೆ ಒಬ್ಬ ಉಪನ್ಯಾಸಕರು, ಹುಡುಗಿಯಾದರೆ ಒಬ್ಬ ಮೇಡಂ ಹೋಗಲಿ. ಪ್ರತಿ ಆಟಗಾರರ ಮನೆಯ ಫೋನ್ ನಂಬರ್ ಮತ್ತು ಆರೋಗ್ಯ ಕಾರ್ಡಿನ ಪ್ರತಿ ಆಫೀಸಿನಲ್ಲಿರಲಿ. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಕ್ರೀಡಾಕೂಟಕ್ಕೆ ಮೊದಲೇ ಆಗಬೇಕು, ಅಷ್ಟೆ.