ಇದ್ದಿಲೂ ಲೆಕ್ಕದ ಪುಸ್ತಕವೂ

‘ಕಾರ್ಟೂನು ಮಕ್ಕಳಿಗೆ’ ಅನ್ನುವ ಮಿತ್ರರು ನಮ್ಮಲ್ಲಿ ಬಹಳ. ಅಂಥವರು ವಿಲಿಯಂ ಕೆಂಟ್ರಿಜ್‌ನ ‘ಮೈನ್’ ಎಂಬ 1991ರ ಕಿರುಚಿತ್ರ ನೋಡಬೇಕು.

1955ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಈ ಕಲಾವಿದ ಇದ್ದಿಲಿನಲ್ಲಿ ಚಿತ್ರ ಬರೆದು, ಕ್ಯಾಮರಾದಲ್ಲಿ ಹಿಡಿದು, ಅದೇ ಹಾಳೆಯಲ್ಲಿ ಅಷ್ಟಿಷ್ಟು ಅಳಿಸಿ ಮತ್ತೆ ಬರೆಯುತ್ತಾನೆ. ಎಷ್ಟು ಉಜ್ಜಿದರೂ ಬೂದು ಕಲೆ ಉಳಿದೇ ಉಳಿಯುತ್ತೆ. ದುಃಖವೂ ಹಾಗೆಯೇ ಅಲ್ಲವೇ?

‘ಮೈನ್’ನಲ್ಲಿ ಗಣಿಯ ಧಣಿ ಸೋಹೋ ಎಕ್‌ಸ್ಟೈನ್ ಹಾಸಿಗೆಯಲ್ಲಿ ಕೂತೇ ಕಾಫಿ ಪಾತ್ರೆಯ ಹಿಡಿ ಒತ್ತುತ್ತಾನೆ. ಅದು ಹಾಸಿಗೆ ತೂರಿ, ನೆಲ ತೂರಿ, ಕೂಲಿಗಳಿರುವ ಗಣಿಯೊಳಕ್ಕೆ ಇಳಿಯುತ್ತದೆ. ಸಂಭಾಷಣೆಯೇ ಇಲ್ಲ, ಆದರೂ ಎದೆ ಝಲ್ಲೆನ್ನುತ್ತೆ.

ನಾವು ಕಾಮರ್ಸಿನವರು. ನಮಗೆ ಆ ಕೂಲಿಗಳೆಲ್ಲ ‘ವೇಜಸ್’ ಅಂತ ಒಂದೇ ಸಾಲು. ಡೆಬಿಟ್ ಕಡೆ ಬರೆದು ಮೊತ್ತ ಹಾಕಿದರೆ ಮುಗೀತು. ಕೆಂಟ್ರಿಜ್ ಹಳೆಯ ಗಣಿ ಕಂಪೆನಿಯ ಲೆಕ್ಕದ ಹಾಳೆಗಳ ಮೇಲೂ ಚಿತ್ರ ಬರೆದಿದ್ದಾನೆ, ಅಂಕಿಗಳ ಮೇಲೆಯೇ ಇದ್ದಿಲು! ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ಬರೆದಿಡುವುದು ಕಲೆಯ ಕೆಲಸ ಎಂದೇ ನನ್ನ ಅಭಿಪ್ರಾಯ.

ನಾಳೆ ನಮ್ಮಲ್ಲಿ ಅನೇಕರು ಯಾರದೋ ಲೆಕ್ಕದ ಪುಸ್ತಕ ಬರೆಯುವವರು. ‘ವೇಜಸ್’ ಸಾಲಿಗೆ ಬಂದಾಗ ಆ ಕಾಫಿ ಪಾತ್ರೆ ನೆನಪಾದರೆ ಅಷ್ಟೇ ಸಾಕು.