ಹಳತನ್ನು ಹೊಗಳುವ, ಹಳಿಯುವ ಸ್ಪ್ಯಾನಿಷ್

ಸ್ಪ್ಯಾನಿಷ್ ಕಲಿಸುವ ಪುಸ್ತಕಗಳಲ್ಲಿ ವಿಶೇಷಣಗಳು ಹೆಚ್ಚಾಗಿ ಪಟ್ಟಿಯಾಗಿಯೇ ಬರುತ್ತವೆ: ಎಡಕ್ಕೆ ಪದ, ಬಲಕ್ಕೆ ಅರ್ಥ. ಬಣ್ಣಕ್ಕೂ ಅಳತೆಗೂ ಇಷ್ಟು ಸಾಕು. ಹಳೇ ಕಾಲದ ವಸ್ತುಗಳನ್ನೂ ಮನುಷ್ಯರನ್ನೂ ಬಣ್ಣಿಸುವ ಪದಗಳಿಗೆ ಸಾಲದು. ಬಿಯೆಹೊ, ಅಂತಿಗ್ವೊ, ಅಂತಿಕ್ವಾದೊ, ಅನ್ಯೆಹೊ, ರಾನ್ಸಿಯೊ, ಕಾರ್ಕಾ ಎಲ್ಲಕ್ಕೂ ‘ಹಳೆಯ’ ಎಂದು ಅರ್ಥ ಬರೆದುಕೊಂಡರೆ ಪೂರಾ ತಪ್ಪಲ್ಲ, ಆದರೆ ಕಲಿತಂತೆಯೂ ಆಗಲಿಲ್ಲ. ಇವು ವಯಸ್ಸಿಗಿಂತ ಹೆಚ್ಚಾಗಿ ಆಡುವವರ ತೀರ್ಪನ್ನು ಹೇಳುತ್ತವೆ. ಪಾಠ ಶುರುವಾಗಬೇಕಾದದ್ದೂ ಅಲ್ಲಿಂದಲೇ.

ರಾನ್ಸಿಯೊ ಪದವನ್ನೇ ನೋಡಿ. ಕಮಟು ಹಿಡಿದ ಬೆಣ್ಣೆಗೂ ಅದೇ ಪದ, ವರ್ಷಗಟ್ಟಲೆ ಇಟ್ಟು ಹದಗೊಳಿಸಿದ ವೈನಿಗೂ ಅದೇ. ಮನೆತನದ ಬಗ್ಗೆ ಹೇಳಿದರೆ ತಲೆತಲಾಂತರದ ಕುಲೀನತೆ; ಇಂದಿನ ಸ್ಪೇನಿನ ಯುವಕನೊಬ್ಬ ಯಾರದೋ ಧೋರಣೆಗೆ ಅಂದರೆ ಶುದ್ಧ ಬೈಗುಳ. ಕಾರ್ಕಾ ಪದದ ಹಿಂದೆ ರಾಜಕೀಯವೇ ಇದೆ. 19ನೇ ಶತಮಾನದ ಸ್ಪೇನಿನಲ್ಲಿ ಸಿಂಹಾಸನಕ್ಕಾಗಿ ಯುದ್ಧಗಳಾದಾಗ ಉದಾರವಾದಿಗಳು ಸಂಪ್ರದಾಯನಿಷ್ಠ ಕಾರ್ಲಿಸ್ಟರನ್ನು ಹಾಗೆಂದು ಮೂದಲಿಸುತ್ತಿದ್ದರು. ಆ ಮೂದಲಿಕೆ ಈಗ ಹಳೇ ತಲೆಯವರಿಗೆಲ್ಲ ಅಂಟಿದೆ. ಲಿಯೊಪೊಲ್ದೊ ಆಲಾಸ್ 1884-85ರಲ್ಲಿ ಪ್ರಕಟಿಸಿದ ‘ಲಾ ರೆಹೆಂತಾ’ ಕಾದಂಬರಿಯಲ್ಲಂತೂ ವಿಶೇಷಣವೇ ಊರಿನ ಹೆಸರಾಯಿತು. ಒವಿಯೆದೊ ನಗರವನ್ನು ಅವರು ವೆತುಸ್ತಾ, ಅಂದರೆ ಜರಾಜೀರ್ಣ ಎಂದು ಕರೆದರು. ಅದೇ ಒವಿಯೆದೊ ಇಂದು ತನ್ನ ಕೆಥೆಡ್ರಲ್ ಚೌಕದಲ್ಲಿ ಆ ಕಾದಂಬರಿಯ ನಾಯಕಿಯ ಪ್ರತಿಮೆಯನ್ನು ನಿಲ್ಲಿಸಿಕೊಂಡಿದೆ. ಅಣಕ ಹಳತಾದರೆ ಪರಂಪರೆಯಾಗುತ್ತದೆ, ಅದೂ ಸರಿಯೇ!

ಹೊಸಬರಿಗೆ ಇಷ್ಟೆಲ್ಲ ಯಾಕೆ, ಬಿಯೆಹೊ ಒಂದೇ ಗೊತ್ತಿದ್ದರೆ ಕೆಲಸ ನಡೆಯುತ್ತದಲ್ಲ ಎಂಬ ವಾದವಿದೆ. ಕುರ್ಚಿ ಮೇಜುಗಳ ಮಟ್ಟಿಗೆ ನಡೆಯುತ್ತದೆ. ಮನುಷ್ಯರ ಮಾತು ಬಂದಾಗ ಆ ಒಂದು ಪದವೇ ಕೈಕೊಡುತ್ತದೆ. ‘ಗೆಳೆಯ’ ಪದಕ್ಕೆ ಮೊದಲು ಬಂದರೆ ಬಹುಕಾಲದ ಸ್ನೇಹಿತ, ನಂತರ ಬಂದರೆ ಮುದುಕನಾದ ಸ್ನೇಹಿತ. ಅಪರಿಚಿತ ಹಿರಿಯರಿಗೆ ಬಳಸಿದರೆ ಒರಟು, ಅಲ್ಲಿ ಮಯೋರ್ ಅನ್ನುವುದೇ ಮರ್ಯಾದೆ. ಅರ್ಜೆಂಟೀನಾದಲ್ಲಿ ಮಗ ತನ್ನ ತಂದೆಗೆ ಅಂದರೆ ಸಲಿಗೆ. ಕನ್ನಡಿಗರಿಗೆ ಇದು ತೀರಾ ಅಪರಿಚಿತವೇನಲ್ಲ: ‘ಹಿಂದಿನ ಕಾಲದವರು’ ಅಂದಾಗಿನ ಗೌರವ ‘ಓಬೀರಾಯನ ಕಾಲದವರು’ ಅಂದಾಗ ಇರುವುದಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸುಮಾರು 20 ದೇಶಗಳ ಅಧಿಕೃತ ಭಾಷೆಯಲ್ಲಿ ಊರೂರಿಗೆ ಬದಲಾಗುವ ಧಾಟಿಯನ್ನು ಯಾವ ತರಗತಿ ತಾನೇ ಕಲಿಸೀತು? ಎಲ್ಲವನ್ನೂ ಕಲಿಸಲಾಗದು, ನಿಜ. ಆದರೆ ಯಾರು, ಯಾರ ಬಗ್ಗೆ, ಯಾರ ಮುಂದೆ ಆಡಿದ ಮಾತು ಎಂದು ಕೇಳುವ ಅಭ್ಯಾಸವನ್ನು ಮೊದಲ ವರ್ಷದಲ್ಲೇ ಹಚ್ಚಬಹುದು. ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಯ ಬದಲು ಒಂದು ಗೋಡೆ ಗಡಿಯಾರ ಕೊಟ್ಟು, ಅದನ್ನು ಮಾರುವವನ ಬಾಯಲ್ಲಿ, ಚೌಕಾಸಿ ಮಾಡುವ ಗಿರಾಕಿಯ ಬಾಯಲ್ಲಿ, ಅಜ್ಜಿಯ ಮನೆ ಖಾಲಿ ಮಾಡುತ್ತಿರುವ ಮೊಮ್ಮಗನ ಬಾಯಲ್ಲಿ ಬಣ್ಣಿಸಲು ಹೇಳಲಿ. ಮಾರುವವನು ಅಂತಿಗ್ವೊ ಅನ್ನುತ್ತಾನೆ, ಗಿರಾಕಿ ಬಿಯೆಹೊ ಅನ್ನುತ್ತಾನೆ. ಮೊಮ್ಮಗ ಯಾವುದನ್ನು ಆರಿಸಿಕೊಂಡ ಎಂಬುದಕ್ಕೆ ಅಂಕ ಕೊಡಬೇಕು.